ಸೆಟ್ ಅದೇ, ಸಿಮ್ ಬೇರೆ

ಬೀದರಿನ ಒಂದೇ ಅಂಗಡಿಯಲ್ಲಿ, ಒಂದೇ ದಿನ, ಅಣ್ಣ ತಮ್ಮ ಇಬ್ಬರೂ ಒಂದೇ ಮಾಡೆಲಿನ ಮೊಬೈಲ್ ಕೊಂಡರು ಎನ್ನೋಣ. ಬಣ್ಣ, ಬೆಲೆ, ಕ್ಯಾಮೆರಾ, ಬ್ಯಾಟರಿ ಯಾವುದರಲ್ಲೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಣ್ಣ ಭಾಲ್ಕಿ ಪೇಟೆಯವನು, ಮೊದಲಿನಿಂದ ಇದ್ದ ಒಂದು ಕಂಪನಿಯ ಸಿಮ್ ಹಾಕಿದ. ತಮ್ಮನಿಗೆ ಔರಾದ್ ಕಡೆಯ ಹಳ್ಳಿಯಲ್ಲಿ ಮೇಷ್ಟ್ರ ಕೆಲಸ, ಅಲ್ಲಿ ಯಾವುದರ ರೇಂಜ್ ಸಿಗುತ್ತದೋ ಅದರ ಸಿಮ್ ಹಾಕಿದ. ಸಂಜೆ ಇಬ್ಬರೂ ಸೆಟ್ಟಿಂಗ್ಸ್ ತೆರೆದು ಕೂತರೆ ಅಣ್ಣನ ಮೊಬೈಲಿನಲ್ಲಿ ‘ವೈಫೈ ಕಾಲಿಂಗ್’ ಎಂಬ ಸಾಲು ಇದೆ, ತಮ್ಮನದರಲ್ಲಿ ಇಲ್ಲ. ಅದು ಆಫ್ ಆಗಿದ್ದರೆ ಆನ್ ಮಾಡಿಕೊಳ್ಳಬಹುದಿತ್ತು. ಅವನ ಪರದೆಯಲ್ಲಿ ಆ ಸಾಲೇ ಮೂಡಿಲ್ಲ.

ಇಂಥ ದೂರು ಹಿಡಿದು ಅಂಗಡಿಗೆ ಹೋದವರಿಗೆ ಈ ಭಾಗದಲ್ಲಿ ಸಿಗುವ ಉತ್ತರ ಚಿಕ್ಕದು: “ಸೆಟ್‌ನಾಗ ಅದ ರೀ, ಸಿಮ್‌ನಾಗ ಇಲ್ರೀ.” ಅಂಗಡಿಯವರು ಹೇಳುವುದು ಬಹುಮಟ್ಟಿಗೆ ಸರಿ. ಆದರೆ ಆ ಮಾತು ಹಣ ಎಣಿಸಿ ಕೊಟ್ಟ ಮೇಲೆ ಕಿವಿಗೆ ಬೀಳುತ್ತದೆ. ಡಬ್ಬಿಯ ಮೇಲೆ ಅದನ್ನು ಯಾರೂ ಅಚ್ಚು ಹಾಕಿರುವುದಿಲ್ಲ.

ಸಿಮ್ ಹಾಕಿದ ಕೂಡಲೇ ಮೊಬೈಲ್ ಒಂದು ಸಂಖ್ಯೆಯನ್ನು ಓದುತ್ತದೆ. ಪ್ರತಿ ಸಿಮ್‌ನೊಳಗೂ ಅದು ಯಾವ ದೇಶದ್ದು, ಯಾವ ಕಂಪನಿಯದು ಎಂದು ಹೇಳುವ ಅಂಕಿಗಳಿರುತ್ತವೆ. ಭಾರತಕ್ಕೆ 404 ಮತ್ತು 405. ಅದರ ಮುಂದಿನ ಅಂಕಿ ಕಂಪನಿಯದು, ಅದೂ ಒಂದೊಂದು ಸರ್ಕಲ್ಲಿಗೆ, ಅಂದರೆ ದೂರಸಂಪರ್ಕ ವಲಯಕ್ಕೆ, ಬೇರೆ ಬೇರೆ. ಕರ್ನಾಟಕದ ಏರ್‌ಟೆಲ್ ಸಿಮ್ 404-45 ಆದರೆ ಮಹಾರಾಷ್ಟ್ರದ್ದು 404-90, ಆಂಧ್ರ-ತೆಲಂಗಾಣ ಸರ್ಕಲ್ಲಿನದು 404-49. ಔರಾದ್ ತಾಲ್ಲೂಕಿನ ಅಂಚಿನಲ್ಲಿ ಈ ಮೂರೂ ಬೆರೆಯುತ್ತವೆ: ಒಂದು ಕಡೆ ನಾಂದೇಡ್ ಜಿಲ್ಲೆಯ ದೇಗಲೂರು, ಇನ್ನೊಂದು ಕಡೆ ತೆಲಂಗಾಣದ ನಾರಾಯಣಖೇಡ. ಮಗಳನ್ನು ಉದಗಿರಕ್ಕೆ ಕೊಟ್ಟವರು, ಸೊಸೆಯನ್ನು ಜಹೀರಾಬಾದಿನಿಂದ ತಂದವರು ಇರುವ ಈ ನಾಡಿನಲ್ಲಿ ಒಂದೇ ಮನೆಯೊಳಗೆ ಮೂರು ಸರ್ಕಲ್ಲಿನ ಸಿಮ್ ಇದ್ದರೆ ಅಚ್ಚರಿಯಿಲ್ಲ.

ಆ ಅಂಕಿ ಓದಿಕೊಂಡ ಮೊಬೈಲ್, ತನ್ನೊಳಗೆ ತಯಾರಕರು ಇಟ್ಟಿರುವ ಒಂದು ಪಟ್ಟಿಯನ್ನು ನೋಡುತ್ತದೆ. ಈ ಕಂಪನಿಯ ಸಿಮ್‌ಗೆ ವೋಲ್ಟಿ (4ಜಿಯಲ್ಲೇ ಕರೆ) ಕೊಡಬೇಕೇ, ವೈಫೈ ಕರೆ ಕೊಡಬೇಕೇ, 5ಜಿ ತೋರಿಸಬೇಕೇ, ಹಾಟ್‌ಸ್ಪಾಟ್ ಬಿಡಬೇಕೇ ಎಂಬುದೆಲ್ಲ ಆ ಪಟ್ಟಿಯಲ್ಲಿ ಹೌದು-ಇಲ್ಲ ಎಂದು ಬರೆದಿರುತ್ತದೆ. ಆಂಡ್ರಾಯ್ಡ್ 2015ರ 6.0 ಆವೃತ್ತಿಯಿಂದ ಇದಕ್ಕೊಂದು ಸಾಮಾನ್ಯ ವ್ಯವಸ್ಥೆ ಮಾಡಿಕೊಟ್ಟಿತು. ಆಪಲ್, ಸ್ಯಾಮ್ಸಂಗ್ ಕಂಪನಿಗಳಿಗೆ ತಮ್ಮದೇ ಕಡತಗಳಿವೆ. ದೂರಸಂಪರ್ಕ ಕಂಪನಿ ಮತ್ತು ತಯಾರಕರು ಕೂತು ಪರೀಕ್ಷೆ ಮಾಡಿ, ಒಪ್ಪಿ, ಸಾಲು ಸೇರಿಸಿದ ಮೇಲೆ ಸೌಲಭ್ಯ ಪರದೆಗೆ ಬರುತ್ತದೆ. ಸೇರಿಸದಿದ್ದರೆ ಚಿಪ್ ಎಷ್ಟೇ ಸಮರ್ಥವಾಗಿರಲಿ, ಪರದೆಯಲ್ಲಿ ಸಾಲು ಮೂಡುವುದಿಲ್ಲ.

5ಜಿ ಬಂದಾಗ ಇದು ಇಡೀ ದೇಶದ ಕಣ್ಣಿಗೆ ಬಿತ್ತು. 2022ರ ಅಕ್ಟೋಬರಿನಲ್ಲಿ ಏರ್‌ಟೆಲ್ ಮತ್ತು ಜಿಯೋ ಸೇವೆ ಆರಂಭಿಸಿದವು. ಅದಕ್ಕೂ ಎರಡು ವರ್ಷ ಮೊದಲಿನಿಂದ 5ಜಿ ಹೆಸರಿನಲ್ಲೇ ಮಾರಾಟವಾಗಿದ್ದ ಐಫೋನ್‌ಗಳಲ್ಲಿ ಭಾರತದ 5ಜಿ ತೆರೆದುಕೊಂಡದ್ದು ಡಿಸೆಂಬರಿನ ಐಒಎಸ್ 16.2 ಅಪ್‌ಡೇಟ್ ಬಂದ ಮೇಲೆ. ಯಾರೂ ಮೊಬೈಲ್ ಬಿಚ್ಚಿ ಹೊಸ ಬಿಡಿಭಾಗ ಹಾಕಲಿಲ್ಲ, ಪಟ್ಟಿಗೆ ಕೆಲವು ಸಾಲು ಸೇರಿದವು ಅಷ್ಟೆ. ಜಿಯೋ 5ಜಿಗೆ ಹಳೆಯ 4ಜಿಯ ಆಸರೆಯಿಲ್ಲದ ಸ್ವತಂತ್ರ ಜಾಲ ಕಟ್ಟಿದರೆ, ಏರ್‌ಟೆಲ್ 4ಜಿ ಜಾಲದ ಮೇಲೆಯೇ 5ಜಿ ಕೂರಿಸಿತು. ಹೀಗಾಗಿ ಒಂದೇ ಮೊಬೈಲು ಒಂದು ಸಿಮ್‌ಗೆ 5ಜಿ ತೋರಿಸಿ, ಇನ್ನೊಂದಕ್ಕೆ ತೋರಿಸದೆ ಇದ್ದದ್ದೂ ಉಂಟು.

ಸೆಟ್‌ಗೆ ಶಕ್ತಿಯಿದ್ದೂ ಅನುಮತಿ ಇಲ್ಲದಿರುವುದು ಬೀದರ್ ಜಿಲ್ಲೆಗೆ ಹೊಸತಲ್ಲ. 2001ರಲ್ಲಿ ಕೇಂದ್ರ ಸರ್ಕಾರ ಸ್ಥಿರ ದೂರವಾಣಿ ಕಂಪನಿಗಳಿಗೆ ‘ಸೀಮಿತ ಸಂಚಾರ’ದ ವೈರ್‌ಲೆಸ್ ಸೇವೆ ಕೊಡಲು ಒಪ್ಪಿಗೆ ನೀಡಿತು. ಜನ ಅದನ್ನು ಡಬ್ಲ್ಯುಎಲ್‌ಎಲ್ ಎಂದೇ ಕರೆದರು. ಕೈಯಲ್ಲಿ ಹಿಡಿದು ತಿರುಗಬಹುದಾದ ಸೆಟ್ ಅದು, ಆದರೆ ಒಂದೇ ಎಸ್‌ಟಿಡಿ ಕೋಡಿನ ಗಡಿಯೊಳಗೆ ಮಾತ್ರ ಕೆಲಸ ಮಾಡಬೇಕು ಎಂಬುದು ಷರತ್ತು. ಬೀದರಿಗೆ 08482, ಬಸವಕಲ್ಯಾಣಕ್ಕೆ 08481, ಹುಮನಾಬಾದಿಗೆ 08483, ಭಾಲ್ಕಿಗೆ 08484, ಔರಾದಿಗೆ 08485 ಎಂದು ಜಿಲ್ಲೆಯಲ್ಲಿ ಐದು ಕೋಡು. ಬೀದರಿನಿಂದ ಭಾಲ್ಕಿ ಸುಮಾರು 40 ಕಿಲೋಮೀಟರ್. ನಿಯಮದ ಪ್ರಕಾರ ಭಾಲ್ಕಿಯ ಸೆಟ್ ಜಿಲ್ಲಾ ಆಸ್ಪತ್ರೆಗೆ, ಜಿಲ್ಲಾಧಿಕಾರಿ ಕಚೇರಿಗೆ ಹೊರಟ ಬಸ್ಸಿನಲ್ಲಿ ದಾರಿ ಮಧ್ಯೆಯೇ ಮೂಕವಾಗಬೇಕು. ಜಿಎಸ್‌ಎಂ ಕಂಪನಿಗಳು ದುಬಾರಿ ಲೈಸೆನ್ಸ್ ಶುಲ್ಕ ಕಟ್ಟಿದ್ದವು, ಅಗ್ಗದ ಲೈಸೆನ್ಸಿನವರು ಅದೇ ಸೇವೆ ಕೊಡಬಾರದು ಎಂಬ ಜಗಳದ ಫಲ ಅದು. 2003ರ ನವೆಂಬರಿನಲ್ಲಿ ಏಕೀಕೃತ ಲೈಸೆನ್ಸ್ ಬಂದ ಮೇಲೆ ಆ ಬೇಲಿ ಕಳಚಿತು.

ಅದೇ 2003ರ ಜುಲೈನಲ್ಲಿ ರಿಲಯನ್ಸ್ ‘ಮಾನ್ಸೂನ್ ಹಂಗಾಮಾ’ ಹೆಸರಿನಲ್ಲಿ 501 ರೂಪಾಯಿ ಮುಂಗಡಕ್ಕೆ ಮೊಬೈಲ್ ಕೊಟ್ಟು, ಮೊಬೈಲನ್ನೇ ಕಂಡಿರದ ಮನೆಗಳಿಗೆ ಅದನ್ನು ತಲುಪಿಸಿತು. ಆ ಸಿಡಿಎಂಎ ಸೆಟ್‌ಗಳಲ್ಲಿ ಸಿಮ್ ಹಾಕುವ ಜಾಗವೇ ಇರಲಿಲ್ಲ. ನಂಬರು ಸೆಟ್‌ನೊಳಗೇ ಕೂತಿರುತ್ತಿತ್ತು. ಕಂಪನಿ ಬಿಟ್ಟರೆ ಸೆಟ್ಟೂ ಹೋಯಿತು. ಬೀದರ್, ಭಾಲ್ಕಿಯ ಎಷ್ಟೋ ಮನೆಗಳ ಗೂಡಿನಲ್ಲಿ ಮಕ್ಕಳ ಆಟಕ್ಕೆ ಉಳಿದ ಹಳೆಯ ಸೆಟ್‌ಗಳು ಇಂಥವೇ.

ಇದೇ ಕಥೆಯ ದೊಡ್ಡ ಅಧ್ಯಾಯ ಜಿಯೋಫೋನ್. ಅದನ್ನು ತುಸು ನಿಧಾನವಾಗಿಯೇ ನೋಡಬೇಕು, ಏಕೆಂದರೆ ಈ ಜಿಲ್ಲೆಯಂಥ ಊರುಗಳಿಗಾಗಿಯೇ ಮಾಡಿದ ಮೊಬೈಲ್ ಅದು.

2017ರ ಜುಲೈ 21ರಂದು ಮುಕೇಶ್ ಅಂಬಾನಿ ಅದನ್ನು ಘೋಷಿಸಿದರು. 1,500 ರೂಪಾಯಿ ಠೇವಣಿ, ಷರತ್ತಿನ ಮೇಲೆ ಮೂರು ವರ್ಷದ ನಂತರ ವಾಪಸು. 2.4 ಇಂಚಿನ ಪರದೆ, 512 ಎಂಬಿ ರ‍್ಯಾಮ್, 2 ಮೆಗಾಪಿಕ್ಸೆಲ್ ಕ್ಯಾಮೆರಾ, ವೈಫೈ, ಜಿಪಿಎಸ್, ಎಫ್‌ಎಂ ರೇಡಿಯೋ. ಬಟನ್ ಮೊಬೈಲಿನ ಬೆಲೆಗೆ 4ಜಿ ಇಂಟರ್‌ನೆಟ್ ಸಿಗುವುದು ಸಣ್ಣ ಮಾತಾಗಿರಲಿಲ್ಲ, ಆ ಸಾಧನೆಯನ್ನು ಯಾರೂ ಅಲ್ಲಗಳೆಯಲಾಗದು. ಆದರೆ ಅದರಲ್ಲಿ ಒಂದೇ ಸಿಮ್‌ಗೆ ಜಾಗ, ಅದೂ ಜಿಯೋ ಸಿಮ್ ಮಾತ್ರ. ಗಡಿಯ ಹಳ್ಳಿಗಳಲ್ಲಿ ಜನ ಎರಡು ಸಿಮ್ ಇಟ್ಟುಕೊಳ್ಳುವುದು ಶೋಕಿಗಲ್ಲ. ಹೊಲದಲ್ಲಿ ಒಂದರ ರೇಂಜ್ ಬಂದರೆ ಮನೆಯಲ್ಲಿ ಇನ್ನೊಂದರದು. ಮಾಂಜರಾ ನದಿಯ ತಗ್ಗಿಗೆ ಇಳಿದರೆ ಒಂದು ಸಿಗುತ್ತದೆ, ದಿಬ್ಬ ಹತ್ತಿದರೆ ಇನ್ನೊಂದು. ಈ ಸೆಟ್ 2ಜಿ, 3ಜಿ ಜಾಲಕ್ಕೂ ಇಳಿಯುತ್ತಿರಲಿಲ್ಲ. ಜಿಯೋದ 4ಜಿ ಇಲ್ಲದ ಜಾಗದಲ್ಲಿ ಮಾತೂ ಇಲ್ಲ.

ಮೊದಲು ಬಂದಾಗ ಅದರಲ್ಲಿ ವಾಟ್ಸ್‌ಆ್ಯಪ್ ಇರಲಿಲ್ಲ. ಹಳ್ಳಿಯ ಮನೆ ಇಂಟರ್‌ನೆಟ್ ಮೊಬೈಲ್ ಕೊಳ್ಳುವ ಮೊದಲ ಕಾರಣವೇ ವಾಟ್ಸ್‌ಆ್ಯಪ್ ಆಗಿದ್ದ ಕಾಲ ಅದು. ಪುಣೆಗೆ, ಹೈದರಾಬಾದಿಗೆ, ಮುಂಬೈಗೆ ದುಡಿಯಲು ಹೋದವರ ಫೋಟೊ, ಧ್ವನಿ ಎಲ್ಲ ಅದರಲ್ಲೇ ಬರಬೇಕು. ಜಿಯೋಫೋನಿಗೆ ಅದು ಬಂದದ್ದು 2018ರ ಸೆಪ್ಟೆಂಬರಿನಲ್ಲಿ, ಮೊದಮೊದಲು ಕರೆ ಮಾಡುವ ಸೌಲಭ್ಯವಾಗಲಿ, ಹಣ ಕಳಿಸುವ ದಾರಿಯಾಗಲಿ ಇಲ್ಲದೆ. ಹಾಟ್‌ಸ್ಪಾಟ್ ಕೂಡ ಆರಂಭದಲ್ಲಿ ಇರಲಿಲ್ಲ, ನಂತರದ ಅಪ್‌ಡೇಟಿನಲ್ಲಿ ಬಂತು. ಸೆಟ್ ಬದಲಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಹೀಗೆ ಬಂದದ್ದು ಎಂದಾದರೂ ಹೋಗಲೂಬಹುದು. 2024ರ ಜೂನ್‌ನಲ್ಲಿ ಆ ಮೊಬೈಲುಗಳ ಕೈಓಎಸ್ ಆ್ಯಪ್ ಅಂಗಡಿಯಿಂದ ವಾಟ್ಸ್‌ಆ್ಯಪ್ ಇಳಿಯಿತು, 2025ರ ಆರಂಭದ ಹೊತ್ತಿಗೆ ಇದ್ದವರಿಗೂ ನಿಂತಿತು.

ಜಿಯೋಫೋನ್ ಬಂದ ಹೊತ್ತಿಗೇ ಏರ್‌ಟೆಲ್ ಇನ್ನೊಂದು ದಾರಿ ಹಿಡಿದಿತ್ತು. 2017ರ ಅಕ್ಟೋಬರಿನಲ್ಲಿ ಕಾರ್ಬನ್ ಎ40 ಇಂಡಿಯನ್ ಎಂಬ ಅಗ್ಗದ ಸೆಟ್ಟನ್ನು, ಹಣ ವಾಪಸಿನ ಲೆಕ್ಕ ಸೇರಿಸಿ 1,399 ರೂಪಾಯಿಗೆ ಬೀಳುವಂತೆ ಮಾರಿತು. ಅದು ಆಂಡ್ರಾಯ್ಡ್, ಎರಡು ಸಿಮ್ ಹಿಡಿಸುವಂಥದ್ದು. ಬೆಲೆ ಕಡಿಮೆ ಮಾಡಲು ಸೆಟ್ಟನ್ನು ಒಂದೇ ಕಂಪನಿಗೆ ಕಟ್ಟಿಹಾಕಲೇಬೇಕು ಎಂಬ ವಾದಕ್ಕೆ ಆಗಲೇ ಉತ್ತರ ಸಿಕ್ಕಿತ್ತು.

ಜಿಯೋಫೋನಿನ ಕೊರತೆ ನಿಜವಾಗಿ ಕಚ್ಚಿದ್ದು 2020ರಲ್ಲಿ. ಕೊರೊನಾದಿಂದ ಶಾಲೆ ಮುಚ್ಚಿದಾಗ ಶಿಕ್ಷಣ ಇಲಾಖೆ ಆಗಸ್ಟಿನಲ್ಲಿ ವಿದ್ಯಾಗಮ ಕಾರ್ಯಕ್ರಮ ತಂದಿತು. ಮಕ್ಕಳನ್ನು ಮೊಬೈಲೇ ಇಲ್ಲದವರು, ಇಂಟರ್‌ನೆಟ್ ಇಲ್ಲದ ಮೊಬೈಲ್ ಇರುವವರು, ಇಂಟರ್‌ನೆಟ್ ಸಹಿತ ಸ್ಮಾರ್ಟ್‌ಫೋನ್ ಅಥವಾ ಕಂಪ್ಯೂಟರ್ ಇರುವವರು ಎಂದು ಮೂರು ಗುಂಪು ಮಾಡಲಾಯಿತು. ಅಪ್ಪನ ಜೇಬಿನಲ್ಲಿ ಜಿಯೋಫೋನ್ ಇದ್ದ ಮಗು ಯಾವ ಗುಂಪಿಗೆ? ಇಂಟರ್‌ನೆಟ್ ಇದೆ, ಯೂಟ್ಯೂಬ್ ಓಡುತ್ತದೆ, ಜೂಮ್ ತರಗತಿ ತೆರೆಯುವುದಿಲ್ಲ. ಪಟ್ಟಿ ಮಾಡಿದವರ ಕಣ್ಣಿಗೆ ಬೀಳದ ನಾಲ್ಕನೆಯ ಗುಂಪು ಅದು.

ಹೊಲದಲ್ಲಿಯೂ ಹಾಗೇ ಆಯಿತು. ಅದೇ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ರೈತರೇ ಮಾಡಬಹುದಾದ ಬೆಳೆ ಸಮೀಕ್ಷೆಯ ಆ್ಯಪ್ ಬಿಟ್ಟಿತು. ಹೊಲಕ್ಕೆ ಹೋಗಿ, ಸರ್ವೆ ನಂಬರ್ ಆಯ್ದು, ಬೆಳೆಯ ಹೆಸರು ಹಾಕಿ, ಫೋಟೊ ತೆಗೆದು ಕಳಿಸಬೇಕು. ಮೊಬೈಲಿನ ಜಿಪಿಎಸ್ ಆ ಜಾಗವನ್ನು ಖಾತ್ರಿ ಮಾಡುತ್ತದೆ. ಬೀದರ್ ಜಿಲ್ಲೆಯಲ್ಲಿ ಆಗ ಹೊಲದ ತುಂಬ ಸೋಯಾ, ತೊಗರಿ, ಉದ್ದು, ಹೆಸರು. ಬೆಳೆ ವಿಮೆಗೆ, ಪರಿಹಾರಕ್ಕೆ, ಬೆಂಬಲ ಬೆಲೆಯ ಖರೀದಿಗೆ ಆ ದಾಖಲೆ ಆಧಾರ. ಆ್ಯಪ್ ಇದ್ದದ್ದು ಆಂಡ್ರಾಯ್ಡ್ ಪ್ಲೇಸ್ಟೋರಿನಲ್ಲಿ. ಜಿಯೋಫೋನ್ ಹಿಡಿದ ರೈತನ ಕೈಯಲ್ಲಿ ಕ್ಯಾಮೆರಾ ಇತ್ತು, ಜಿಪಿಎಸ್ ಇತ್ತು, ಇಂಟರ್‌ನೆಟ್ ಇತ್ತು. ಸಮೀಕ್ಷೆಗೆ ಬೇಕಾದ ಮೂರೂ ಇದ್ದು ಅವನು ಪಕ್ಕದ ಹೊಲದವರ ಮಗನ ಟಚ್ ಮೊಬೈಲಿಗೆ ಕಾಯಬೇಕಾಯಿತು.

2021ರ ನವೆಂಬರಿನಲ್ಲಿ ಬಂದ ಜಿಯೋಫೋನ್ ನೆಕ್ಸ್ಟ್ 6,499 ರೂಪಾಯಿಯ ಪೂರ್ಣ ಟಚ್ ಮೊಬೈಲ್. ಅದಕ್ಕೆ ಎರಡು ಸಿಮ್ ಹಿಡಿಸುತ್ತವೆ. ಇನ್ನೊಂದು ಕಂಪನಿಯ ಸಿಮ್ ಹಾಕಿದರೆ ಮಾತನಾಡಬಹುದು, ಡೇಟಾ ಮಾತ್ರ ಜಿಯೋದಿಂದಲೇ ಬರಬೇಕು. 2023ರ ಜುಲೈನಲ್ಲಿ 999 ರೂಪಾಯಿಗೆ ಜಿಯೋಭಾರತ್ ಬಂತು, ಅದೂ ಜಿಯೋ ಸಿಮ್‌ಗೆ ಮೀಸಲು. ಅದರಲ್ಲಿ ಯುಪಿಐ ಇದೆ, ಜಿಯೋಪೇ ಎಂಬ ಅದರದೇ ಆ್ಯಪ್ ಮೂಲಕ. ಹೋಲಿಸಿ ನೋಡಲು ಪಕ್ಕದಲ್ಲೇ ಇನ್ನೊಂದು ಉದಾಹರಣೆಯಿದೆ. ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ತಂದ ಯುಪಿಐ 123ಪೇ ಯಾವ ಕಂಪನಿಯ ಸಿಮ್, ಯಾವ ಬಟನ್ ಮೊಬೈಲ್ ಎಂದು ಕೇಳುವುದಿಲ್ಲ. ಒಂದು ಕರೆ ಮಾಡಿ ಹಣ ಕಳಿಸಬಹುದು.

ಕಂಪನಿಯ ಲಾಭಕ್ಕೆ ಸೆಟ್‌ನ ಸೌಲಭ್ಯ ಕಟ್ಟಿಹಾಕುವ ಚಾಳಿ ಅಮೆರಿಕದಲ್ಲಿ ಇನ್ನೂ ಹಳೆಯದು. ಅಲ್ಲಿ ಮೊಬೈಲ್ ಮಾರುವವರೇ ಹೆಚ್ಚಾಗಿ ದೂರಸಂಪರ್ಕ ಕಂಪನಿಗಳು. 2004ರಲ್ಲಿ ವೆರೈಜನ್ ಮಾರಿದ ಮೋಟೊರೊಲಾ ವಿ710ರಲ್ಲಿ ಬ್ಲೂಟೂತ್ ಇತ್ತು, ಅದರಿಂದ ಫೋಟೊ ಕಳಿಸುವ ದಾರಿಯನ್ನು ಮುಚ್ಚಲಾಗಿತ್ತು. ಗ್ರಾಹಕರು ಕ್ಯಾಲಿಫೋರ್ನಿಯಾದಲ್ಲಿ ಕೋರ್ಟಿಗೆ ಹೋದರು. 2006ರ ನೋಕಿಯಾ ಇ61 ಯೂರೋಪಿನಲ್ಲಿ ವೈಫೈ, 3ಜಿ ಎರಡನ್ನೂ ಹೊತ್ತು ಬಂದರೆ, ಸಿಂಗ್ಯುಲರ್ ಕಂಪನಿಗಾಗಿ ಅದೇ ಮೈಕಟ್ಟಿನಲ್ಲಿ ಮಾಡಿದ ಇ62ರಲ್ಲಿ ಎರಡೂ ಮಾಯ. ವೈಫೈ ಇದ್ದರೆ ಜನ ಕಂಪನಿಯ ಡೇಟಾಗೆ ಹಣ ಕೊಡುವುದಿಲ್ಲವಲ್ಲ.

ಬೀದರಿಗೆ ಹೊರದೇಶದ ಸೆಟ್‌ಗಳ ತಲೆನೋವೂ ಇದೆ. ಗಲ್ಫ್‌ನಲ್ಲಿ ದುಡಿಯುವವರು ರಜೆಗೆ ಬಂದಾಗ ತಂಗಿಗೊಂದು, ಭಾವನಿಗೊಂದು ಮೊಬೈಲ್ ತರುವುದು ಇಲ್ಲಿ ಮಾಮೂಲು. ಹೈದರಾಬಾದಿನ ಅಬಿಡ್ಸ್‌ನ ಜಗದೀಶ್ ಮಾರ್ಕೆಟ್ಟಿನ ಸೆಕೆಂಡ್ ಹ್ಯಾಂಡ್ ಸೆಟ್‌ಗಳಿಗೂ ಇಲ್ಲಿಂದ ದೂರ ಹೆಚ್ಚಿಲ್ಲ. ಯುಎಇಯಲ್ಲಿ ಕೊಂಡ ಐಫೋನಿನಲ್ಲಿ ಫೇಸ್‌ಟೈಮ್ ಸಿಗದೇ ಹೋಗಬಹುದು. ಸೌದಿಯ ಸೆಟ್‌ಗಳಿಗೆ ಅದು ದೊರೆತದ್ದು 2018ರ ಐಒಎಸ್ 11.3 ಬಂದಾಗ. ಜಪಾನಿನ ಐಫೋನಿನ ಕ್ಯಾಮೆರಾ ಸದ್ದನ್ನು ನಿಲ್ಲಿಸಲು ಆಗದೇ ಹೋಗಬಹುದು. ಅಮೆರಿಕದಲ್ಲಿ ಮಾರಿದ ಐಫೋನ್ 14ಕ್ಕೆ ಸಿಮ್ ಹಾಕುವ ತಟ್ಟೆಯೇ ಇಲ್ಲ, ಇ-ಸಿಮ್ ಒಂದೇ ಗತಿ. ಸ್ಯಾಮ್ಸಂಗ್‌ನ ಎಷ್ಟೋ ಸೆಟ್‌ಗಳಿಗೆ ಮೊದಲು ಮಾರಾಟವಾದ ಪ್ರದೇಶದ ಸಿಮ್ ಹಾಕಿ ಐದು ನಿಮಿಷ ಮಾತನಾಡಿದ ಮೇಲೆ ಬೇರೆ ದೇಶದ ಸಿಮ್ ಹಿಡಿಸುತ್ತದೆ.

ಸೆಕೆಂಡ್ ಹ್ಯಾಂಡ್ ಐಫೋನ್ ಕೊಳ್ಳುವವರು ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್ ತೆರೆದು ‘ಕ್ಯಾರಿಯರ್ ಲಾಕ್’ ಎಂಬ ಸಾಲಿನ ಮುಂದೆ ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದು ಇದೆಯೇ ನೋಡಿಕೊಳ್ಳಬೇಕು. ಬೇರೇನಾದರೂ ಬರೆದಿದ್ದರೆ ಆ ಸೆಟ್ ಯಾವುದೋ ಒಂದು ಕಂಪನಿಗೆ ಇನ್ನೂ ಬಿಗಿದಿದೆ ಎಂದು ತಿಳಿಯಬೇಕು.

ಈಗಿನ ತೊಡಕು ಬಿಎಸ್‌ಎನ್‌ಎಲ್‌ನದು. ಸ್ವದೇಶಿ ತಂತ್ರಜ್ಞಾನದ ಅದರ 4ಜಿ ಜಾಲವನ್ನು 2025ರ ಸೆಪ್ಟೆಂಬರ್ 27ರಂದು ಪ್ರಧಾನಿ ನರೇಂದ್ರ ಮೋದಿ ಒಡಿಶಾದ ಝಾರ್ಸುಗುಡದಲ್ಲಿ ಉದ್ಘಾಟಿಸಿದರು. ಔರಾದ್, ಕಮಲನಗರದ ತಾಂಡಾಗಳಂಥ ಜಾಗಗಳಿಗೆ ಸರ್ಕಾರಿ ಟವರಿನ ಬೆಲೆ ಏನೆಂದು ಅಲ್ಲಿರುವವರಿಗೇ ಗೊತ್ತು. ಆದರೆ ಬೇರೆ ಕಂಪನಿಗಳ ಸಿಮ್‌ಗೆ 4ಜಿಯಲ್ಲೇ ಕರೆ ಹೋಗುವ ಸೆಟ್‌ಗಳೆಲ್ಲ ಬಿಎಸ್‌ಎನ್‌ಎಲ್ ಸಿಮ್‌ಗೂ ಹಾಗೆ ಮಾಡುವುದಿಲ್ಲ. ವೋಲ್ಟಿ ಪಟ್ಟಿಯಲ್ಲಿ ಅದರ ಸಾಲು ಇಲ್ಲದ ಮೊಬೈಲಿನಲ್ಲಿ ಕರೆ ಬಂದ ಕ್ಷಣ ಸೆಟ್ 4ಜಿಯಿಂದ ಹಳೆಯ ಜಾಲಕ್ಕೆ ಇಳಿಯುತ್ತದೆ, ಓಡುತ್ತಿದ್ದ ವಿಡಿಯೊ ನಿಲ್ಲುತ್ತದೆ ಇಲ್ಲವೇ ತೆವಳುತ್ತದೆ. ಜನ ಬಯ್ಯುವುದು ಟವರನ್ನು. ಸಿಮ್‌ನ ಕಡೆಯಿಂದ ಆಗಬೇಕಾದ ಕೆಲಸ ಸುಲಭದ್ದು: ACTVOLTE ಎಂಬ ಇಂಗ್ಲಿಷ್ ಅಕ್ಷರಗಳನ್ನು ಜಾಗ ಬಿಡದೆ ಬರೆದು 53733ಕ್ಕೆ ಎಸ್‌ಎಂಎಸ್ ಕಳಿಸಬೇಕು. ಸೆಟ್‌ನ ಕಡೆಯಿಂದ ಆಗಬೇಕಾದ್ದು ತಯಾರಕರ ಕೈಯಲ್ಲಿದೆ, ಕೊಂಡವರ ಕೈಯಲ್ಲಿಲ್ಲ.

ಹಳೆಯ ಬೀದರಿನ ಕೋಟೆಯೊಳಗಿನ ಓಣಿಗಳಲ್ಲಿ ವೈಫೈ ಕರೆಯ ಮಹತ್ವ ಬೇರೆ ಥರ. ದಪ್ಪ ಕಲ್ಲಿನ ಗೋಡೆಯ ಒಳಕೋಣೆಗೆ ಯಾವ ಕಂಪನಿಯ ರೇಂಜೂ ಸರಿಯಾಗಿ ನುಗ್ಗುವುದಿಲ್ಲ. ಮನೆಯ ಬ್ರಾಡ್‌ಬ್ಯಾಂಡ್ ಮೂಲಕ ಮಾಮೂಲಿ ನಂಬರಿನಿಂದಲೇ ಮಾತನಾಡುವ ಈ ಸೌಲಭ್ಯವನ್ನು ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ತಂದವು. ಆಗಲೂ ಆಯ್ದ ಮಾಡೆಲುಗಳ ಪಟ್ಟಿ ಹಿಡಿದೇ ಶುರು. ರಾತ್ರಿ ಹೊತ್ತು ಮುದುಕರಿಗೆ ಎದೆನೋವು ಬಂದಾಗ ಅಂಗಳಕ್ಕೆ ಓಡಿಬಂದು ಆಂಬುಲೆನ್ಸ್‌ಗೆ ಫೋನ್ ಹಚ್ಚಬೇಕೋ, ಹಾಸಿಗೆಯ ಪಕ್ಕದಿಂದಲೇ ಮಾತನಾಡಬಹುದೋ ಎಂಬುದು ಆ ಒಂದು ಸಾಲಿನ ಮೇಲೆ ನಿಂತಿದೆ.

ಇದನ್ನೆಲ್ಲ ಮಾರುಕಟ್ಟೆಗೆ ಬಿಟ್ಟು ಸುಮ್ಮನಿರಬೇಕಾಗಿಲ್ಲ. ಸರ್ಕಾರ ಗಟ್ಟಿಯಾಗಿ ಹೇಳಿದಾಗ ಎಲ್ಲ ಸೆಟ್‌ಗಳೂ ಬದಲಾಗಿವೆ. 2017ರ ಜನವರಿಯಿಂದ ಮಾರುವ ಪ್ರತಿ ಮೊಬೈಲಿನಲ್ಲೂ ತುರ್ತು ಕರೆಯ ಗುಂಡಿ ಇರಬೇಕೆಂದು ದೂರಸಂಪರ್ಕ ಇಲಾಖೆ ನಿಯಮ ಮಾಡಿತು. ಬಟನ್ ಮೊಬೈಲಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯಬೇಕು, ಟಚ್ ಮೊಬೈಲಿನಲ್ಲಿ ಪವರ್ ಗುಂಡಿಯನ್ನು ಮೂರು ಸಲ ಒತ್ತಬೇಕು. ಯಾವ ಕಂಪನಿಯ ಸಿಮ್ ಎಂಬ ಪ್ರಶ್ನೆಯೇ ಬರಲಿಲ್ಲ. ಕನ್ನಡದ್ದೂ ಹಾಗೇ. ಗೂಗಲ್ 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಅಕ್ಷರ ಸೇರಿಸುವ ತನಕ ಹೊಸ ಮೊಬೈಲಿನಲ್ಲೂ ಕನ್ನಡದ ಸಂದೇಶ ಚೌಕದ ಸಾಲಾಗಿ ಕಾಣುತ್ತಿತ್ತು. 2016ರಲ್ಲಿ ಭಾರತೀಯ ಮಾನಕ ಬ್ಯೂರೋದ ಐಎಸ್ 16333 ಮಾನದಂಡವನ್ನು ಕಡ್ಡಾಯ ಮಾಡಲು ಆದೇಶ ಹೊರಟ ಮೇಲೆ ದೇಶದಲ್ಲಿ ಮಾರುವ ಮೊಬೈಲುಗಳು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳನ್ನೂ ಓದಿಸಬಲ್ಲವಾಗಿರಬೇಕಾಯಿತು. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಮಾತಾಡುವ ಬೀದರಿನಂಥ ಊರಿಗೆ ಅದು ದೊಡ್ಡ ಲಾಭ.

ಆದರೆ 2023ರ ಏಪ್ರಿಲ್‌ನಲ್ಲಿ ಕೇಂದ್ರ ಐಟಿ ಸಚಿವಾಲಯ ಮೊಬೈಲುಗಳಲ್ಲಿರುವ ಎಫ್‌ಎಂ ರೇಡಿಯೋವನ್ನು ಬಂದ್ ಮಾಡಬೇಡಿ ಎಂದು ತಯಾರಕರಿಗೆ ಬರೆದದ್ದು ಸಲಹೆ ಮಾತ್ರ, ಆದೇಶವಲ್ಲ. ಪ್ರವಾಹದ ದಿನ ನೆಟ್ ಕಡಿದರೂ ರೇಡಿಯೋ ಮಾತನಾಡುತ್ತದೆ ಎಂಬ ಕಾರಣ ಅದರಲ್ಲಿ ಇತ್ತು. ಎಫ್‌ಎಂ ಇಲ್ಲದ ಹೊಸ ಸೆಟ್‌ಗಳು ಈಗಲೂ ಅಂಗಡಿಗೆ ಬರುತ್ತಿವೆ.

ಹಾಗಾದರೆ ಕೇಳಬೇಕಾದ್ದು ಕಡಿಮೆಯೇ. ಡಬ್ಬಿಯ ಮೇಲೆ ಐಎಂಇಐ, ಗರಿಷ್ಠ ಬೆಲೆ, ವಿಕಿರಣದ ಎಸ್‌ಎಆರ್ ಅಂಕಿ ಎಲ್ಲ ಅಚ್ಚಾಗುತ್ತದೆ. ಅದರ ಕೆಳಗೆ ಇನ್ನು ನಾಲ್ಕು ಸಾಲಿಗೆ ಜಾಗವಿದೆ: ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ, ವಿ (ವೊಡಾಫೋನ್ ಐಡಿಯಾ). ಪ್ರತಿ ಹೆಸರಿನ ಮುಂದೆ ವೋಲ್ಟಿ, ವೈಫೈ ಕರೆ, 5ಜಿ, ಇ-ಸಿಮ್ ಇದೆಯೇ ಇಲ್ಲವೇ ಎಂಬುದು ಕನ್ನಡದಲ್ಲಿ ಇರಬೇಕು, ಒಂದೇ ಕಂಪನಿಗೆ ಕಟ್ಟಿದ ಸೆಟ್ ಆಗಿದ್ದರೆ ಅದು ದಪ್ಪ ಅಕ್ಷರದಲ್ಲಿ ಇರಬೇಕು. ದೂರಸಂಪರ್ಕ ಇಲಾಖೆ ಒಂದು ಆದೇಶದಲ್ಲಿ ಮಾಡಬಹುದಾದ ಕೆಲಸವಿದು. ಅದು ಬರುವ ತನಕ ಔರಾದಿನಿಂದ ಬಸ್ ಹತ್ತಿ ಬೀದರಿಗೆ ಮೊಬೈಲ್ ಕೊಳ್ಳಲು ಬರುವವರು ತಮ್ಮ ಸಿಮ್ಮನ್ನು ಕೈಯಲ್ಲೇ ಹಿಡಿದು ಬರುವುದು ಒಳ್ಳೆಯದು. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಸೆಟ್‌ಗೆ ಅದನ್ನು ಹಾಕಿಸಿ, ಒಂದು ಕರೆ ಮಾಡಿ, ಮಾತಾಡುತ್ತಿರುವಾಗಲೇ ಪರದೆಯ ಮೇಲ್ತುದಿ ನೋಡಿದರೆ ಸಾಕು. 4ಜಿ ಗುರುತು ಹಾಗೇ ನಿಂತಿದ್ದರೆ ಆ ಸಿಮ್‌ಗೆ ಆ ಸೆಟ್‌ನಲ್ಲಿ ವೋಲ್ಟಿ ಇದೆ. ಅದು ಇಳಿದು ಹಳೆಯ ಜಾಲದ ಗುರುತಾದ ಎಚ್ ಅಥವಾ ಇ ಅಕ್ಷರ ಬಂದರೆ ಇಲ್ಲ, ಬೇರೆ ಮಾಡೆಲ್ ತೋರಿಸಲು ಕೇಳಬೇಕು.